ಹೇಗೆ ಕಾಣ್ತೀನೇ?

ಈ ಸಲದ ಸಂಕ್ರಾಂತಿಯ ದಿನ ಮಧ್ಯಾಹ್ನ. ಊಟವಾಗಿ, ಪಾತ್ರೆ ತೊಳೆದು, ಸಂಜೆ ಎಳ್ಳು ಬೀರಲು ಹೋಗುವುದಕ್ಕೆ ಮುಂಚೆ ಐದು ನಿಮಿಷ ಬೆನ್ನು ನೆಲಕ್ಕೆ ತಾಗಿಸೋಣವೆಂದು ಚಾಪೆ ಹಾಸಿದ್ದೆ. ಮಗಳು ತನ್ನ ಮೊಬೈಲನ್ನು ನನ್ನ ತಲೆಯ ಪಕ್ಕದಲ್ಲೇ ಚಾರ್ಜಿಗೆ ಹಾಕಿ ಮಹಡಿಗೆ ಹೋಗಿದ್ದಳು. ಅದು ಟಿಂಗ್ ಎಂದಿತು. ಮತ್ತೆ ಟಿಂಗ್. ಆಮೇಲೆ ಬಿಡುವೇ ಇಲ್ಲದೆ ಟಿಂಗ್ ಟಿಂಗ್. ಕನ್ನಡಕ ಏರಿಸಿಕೊಂಡು ನೋಡಿದರೆ ಯಾರೋ ಬರೆದಿದ್ದಾಳೆ, 'ಬೆಂಕಿ'. ಅದರ ಕೆಳಗೆ ಇನ್ನೊಬ್ಬಳು, 'ಬೆಂಕಿ ಬೆಂಕಿ'. ಮೂರನೆಯವಳದು ಮಾತೇ ಇಲ್ಲ, ಉರಿಯುವ ಜ್ವಾಲೆಯ ಚಿತ್ರ ಮಾತ್ರ.

ನನ್ನ ಎದೆ ಧಸಕ್ಕೆಂದಿತು. ಮಗಳು ಬೆಂಗಳೂರಿನಲ್ಲಿ ಪಿ.ಜಿ.ಯೊಂದರಲ್ಲಿ ಇರುವವಳು. ಹಬ್ಬಕ್ಕೆಂದು ಹಿಂದಿನ ರಾತ್ರಿಯಷ್ಟೇ ತಿಪಟೂರಿಗೆ ಬಂದಿದ್ದಳು. "ಏ, ಬೇಗ ಬಾರೇ, ನಿಮ್ಮ ಪಿ.ಜಿ.ಗೆ ಬೆಂಕಿ ಬಿದ್ದಿದೆಯಂತೆ!" ಎಂದು ಕೂಗಿದೆ. ನಮ್ಮ ಯಜಮಾನರೂ ಪೇಪರ್ ಬಿಸಾಡಿ ಎದ್ದು ಬಂದರು. ಮಗಳು ಮೆಟ್ಟಿಲಿಳಿದು ಬಂದು ನೋಡಿ, ಗೋಡೆ ಹಿಡಿದುಕೊಂಡು ನಕ್ಕಳು. "ಅಮ್ಮಾ, ಬೆಂಕಿ ಬಿದ್ದಿರೋದು ಪಿ.ಜಿ.ಗಲ್ಲ. ನಾನೇ ಬೆಂಕಿ!"

ವಿಷಯ ಏನೆಂದರೆ, ಬೆಳಿಗ್ಗೆ ಅವಳು ನನ್ನ ಹಳೆಯ ಮೈಸೂರು ರೇಷ್ಮೆ ಸೀರೆ ಉಟ್ಟು, ತೆಂಗಿನ ಗರಿಗಳ ನೆರಳು ಬೀಳುವ ಕಡೆ ಮಹಡಿಯಲ್ಲಿ ನಿಂತು, ತನ್ನ ಫೋಟೋ ತಾನೇ ತೆಗೆದು ಇನ್‌ಸ್ಟಾಗ್ರಾಂಗೆ ಹಾಕಿದ್ದಳು. 'ಬೆಂಕಿ' ಎಂದರೆ ಈಗಿನ ಹುಡುಗಿಯರ ಭಾಷೆಯಲ್ಲಿ ಬಹಳ ಚೆನ್ನಾಗಿದ್ದೀಯ ಎಂದರ್ಥವಂತೆ. ನೋಡಿ, ನಾನು ಮೂವತ್ತು ವರ್ಷದಿಂದ ಕನ್ನಡ ಪಾಠ ಹೇಳುತ್ತಿರುವವಳು. ಹೆಣ್ಣನ್ನು ಚಂದಿರ, ತಾವರೆ, ಬಳ್ಳಿಗೆ ಹೋಲಿಸುವ ಉಪಮಾಲಂಕಾರ, ರೂಪಕಾಲಂಕಾರಗಳನ್ನು ಎಷ್ಟು ಸಲ ಕಪ್ಪು ಹಲಗೆಯ ಮೇಲೆ ಬರೆದಿದ್ದೇನೋ. ಈ ಅಗ್ನಿಶಾಮಕ ದಳದವರ ಅಲಂಕಾರ ಮಾತ್ರ ನನ್ನ ಪಠ್ಯದಲ್ಲಿ ಇರಲಿಲ್ಲ.

ನಿದ್ದೆಯಂತೂ ಹಾರಿತು. ಅವಳ ಪಕ್ಕ ಕೂತು ಒಂದೊಂದೇ ಓದಿದೆ. ಒಂದು ಗಂಟೆಯೊಳಗೆ ಅರವತ್ತನಾಲ್ಕು ಮಾತು ಬಂದಿದ್ದವು. 'ಗೊಂಬೆ', 'ಸೂಪರ್ ಕಣೇ', 'ದೃಷ್ಟಿ ತೆಗೆಸ್ಕೋ', 'ಸೀರೆ ಯಾರದ್ದೇ?', 'ಮಹಾಲಕ್ಷ್ಮಿ', 'ನನ್ನನ್ನೇ ಮದ್ವೆ ಆಗು'. ಕೊನೆಯದನ್ನು ಬರೆದವಳು ಅವಳ ಜೊತೆ ಕೆಲಸ ಮಾಡುವ ಹುಡುಗಿ, ಸದ್ಯ! ಮೂರರಲ್ಲಿ ಎರಡು ಪಾಲು ಹುಡುಗಿಯರದೇ ಮಾತು. ಅಲ್ಲಲ್ಲಿ ಕಾಗುಣಿತ ತಪ್ಪಿತ್ತು. ಕೆಂಪು ಪೆನ್ನು ಹಿಡಿದ ಕೈ ಸುಮ್ಮನಿರುವುದು ಕಷ್ಟ, ಆದರೂ ಸುಮ್ಮನಿದ್ದೆ.

ಸುಮ್ಮನಿರಲಾರದ್ದು ಬೇರೆ ಒಂದು ವಿಷಯಕ್ಕೆ. ಮಗಳು ಅಷ್ಟಕ್ಕೂ ಉತ್ತರ ಬರೆದು, ಆಮೇಲೆ ಬೇರೆ ಹುಡುಗಿಯರ ಫೋಟೋಗಳನ್ನು ತೆರೆದು, ಸರಸರನೆ 'ಗೊಂಬೆ', 'ಬೆಂಕಿ', 'ಸೂಪರ್ ಕಣೇ' ಎಂದು ಹಂಚುತ್ತ ಹೋದಳು. ಒಂದು ಫೋಟೋವನ್ನು ಸರಿಯಾಗಿ ನೋಡಲೂ ಇಲ್ಲ. "ಇದೇನೇ ಇದು, ನೋಡದೇನೇ ಚೆನ್ನಾಗಿದ್ದೀಯ ಅಂತ ಬರೀತೀಯಲ್ಲ? ಇಷ್ಟೊಂದು ಸುಳ್ಳು ಯಾಕೆ?" ಎಂದೆ. ಹೊಗಳಿಕೆಯನ್ನು ಬಸವಣ್ಣನವರು ಹೊನ್ನಿನ ಶೂಲಕ್ಕೆ ಹೋಲಿಸಿದ್ದನ್ನು ಮಕ್ಕಳಿಗೆ ಎಷ್ಟೋ ವರ್ಷ ವಿವರಿಸಿದವಳಲ್ಲವೇ ನಾನು? ಆ ಗತ್ತಿನಲ್ಲೇ ಕೇಳಿದೆ.

ಅವಳು ತಲೆ ಎತ್ತದೆ ಹೇಳಿದಳು: "ಅಮ್ಮಾ, ನೀನು ಹಾಜರಿ ಕೂಗಿದಾಗ ಎಲ್ಲ ಮಕ್ಕಳೂ 'ಯೆಸ್ ಮಿಸ್' ಅಂತಲೇ ಅಂತಾರಲ್ಲ, ಅದು ಸುಳ್ಳಾ?"

ಈ ಮಾತು ನನಗೆ ತಕ್ಷಣ ನಾಟಿತು. ನಲವತ್ತು ಮಕ್ಕಳು ಅದೇ ಎರಡು ಶಬ್ದ ಹೇಳುತ್ತವೆ. ನಾನೂ ಪುಸ್ತಕದಿಂದ ತಲೆ ಎತ್ತುವುದಿಲ್ಲ. ಆದರೆ ಒಂದು ಮಗು 'ಯೆಸ್ ಮಿಸ್' ಅನ್ನದೆ ಹೋದರೆ ಪೆನ್ನು ತಾನಾಗಿ ನಿಲ್ಲುತ್ತದೆ. ಯಾಕೆ ಬಂದಿಲ್ಲ? ಜ್ವರವೇ? ಮನೆಯಲ್ಲಿ ಏನಾದರೂ ಆಯಿತೇ? ಬಂದ 'ಯೆಸ್ ಮಿಸ್'ಗೆ ಬೆಲೆ ಇಲ್ಲದಂತೆ ಕಂಡರೂ ಬಾರದ 'ಯೆಸ್ ಮಿಸ್'ಗೆ ತುಂಬ ಬೆಲೆ ಇದೆ.

ಸಂಜೆ ಎಳ್ಳು ಬೀರಲು ಹೊರಟೆವು. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಇದೇ ಕೊರೆಯುತ್ತಿತ್ತು. ನಮ್ಮ ಊರು ಕೊಬ್ಬರಿಗೆ ಹೆಸರಾದದ್ದು. ಹಾಗಾಗಿ ಎಳ್ಳಿನಲ್ಲಿ ಕೊಬ್ಬರಿ ಚೂರು ಕಡಿಮೆಯಾದರೆ ಮರ್ಯಾದೆಯ ಪ್ರಶ್ನೆ. ಹುರಿದ ಬಿಳಿ ಎಳ್ಳು, ಸಣ್ಣಗೆ ಹೆಚ್ಚಿದ ಬೆಲ್ಲ, ಕೊಬ್ಬರಿ, ಸಿಪ್ಪೆ ತೆಗೆದ ಕಡಲೆಬೀಜ, ಹುರಿಗಡಲೆ ಇಷ್ಟನ್ನೂ ಬೆರೆಸಿ, ಮೇಲೊಂದು ಸಕ್ಕರೆ ಅಚ್ಚು ಇಟ್ಟು, ಕಬ್ಬಿನ ತುಂಡು, ಬಾಳೆಹಣ್ಣಿನ ಜೊತೆ ಹತ್ತು ಮನೆಗೆ ಕೊಡುತ್ತೇವೆ. ಆ ಹತ್ತು ಮನೆಯವರೂ ನಮಗೆ ಅದನ್ನೇ ಕೊಡುತ್ತಾರೆ. ರಾತ್ರಿ ಮನೆಗೆ ಬಂದು ಡಬ್ಬಿಗೆ ಸುರಿದರೆ ಯಾರದ್ದು ಯಾವುದೆಂದು ಬ್ರಹ್ಮನಿಗೂ ತಿಳಿಯದು. ಎದುರುಮನೆಯವರು ಕೊಟ್ಟಿದ್ದನ್ನು ತಿರುವಿ ಅವರ ನಾದಿನಿಗೇ ಕೊಟ್ಟ ಪ್ರಸಂಗವೂ ಒಮ್ಮೆ ನಡೆದಿದೆ, ಅದು ಇರಲಿ. ನಮ್ಮ ಯಜಮಾನರು ಪ್ರತಿ ವರ್ಷವೂ ತಪ್ಪದೆ ಕೇಳುವ ಪ್ರಶ್ನೆ: "ಅವರ ಮನೇಲೂ ಎಳ್ಳಿದೆ, ನಿಮ್ಮನೇಲೂ ಎಳ್ಳಿದೆ. ಅವರವರದು ಅವರವರೇ ತಿನ್ನಬಾರದಾ?" ಗಂಡಸರಿಗೆ ಇದನ್ನು ತಿಳಿಸಿ ಹೇಳಲು ಹೋಗಿ ನಾನು ಎಂದೋ ಸೋತಿದ್ದೇನೆ. ಆದರೆ ನಾನೇ ಮಧ್ಯಾಹ್ನ ಮಗಳಿಗೆ ಅದೇ ಪ್ರಶ್ನೆ ಕೇಳಿದ್ದೆನಲ್ಲ!

ಹಾಗೆಂದು ಎಲ್ಲವನ್ನೂ ಎಳ್ಳು-ಬೆಲ್ಲವೆಂದು ನಾನು ಒಪ್ಪಿಕೊಂಡೆ ಎಂದು ತಿಳಿಯಬೇಡಿ. ಕೊಟ್ಟು ತೆಗೆದುಕೊಳ್ಳುವ ಕಡೆ ಲೆಕ್ಕವೂ ಇರುತ್ತದೆ. ಮದುವೆ ಮನೆಯ ಮುಯ್ಯಿ ಬರೆದಿಡುವ ನೋಟ್‌ಬುಕ್ಕು ಯಾವ ಮನೆಯಲ್ಲಿಲ್ಲ? ಈ ಹುಡುಗಿಯರೂ ಬರೆದಿಡದೆಯೇ ಲೆಕ್ಕ ಇಡುತ್ತಾರೆ. ಕಳೆದ ವರ್ಷ ಗೆಳತಿಯೊಬ್ಬಳು ನೋಡಿಯೂ ಏನೂ ಬರೆಯಲಿಲ್ಲವೆಂದು ನನ್ನ ಮಗಳು ಎರಡು ದಿನ ಮುಖ ಊದಿಸಿಕೊಂಡಿದ್ದಳು. ನೋಡಿದ್ದಾಳೆಂದು ಆ ಯಂತ್ರವೇ ತೋರಿಸಿಕೊಡುತ್ತದಂತೆ. ಇನ್ನು ಚರ್ಮ ನುಣುಪು ಮಾಡಿ, ಮೂಗು ಚೂಪು ಮಾಡಿ ತೋರಿಸುವ ಫಿಲ್ಟರುಗಳ ಮಾತು ಬೇರೆ. 2010ರಲ್ಲಿ ಶುರುವಾದ ಈ ಇನ್‌ಸ್ಟಾಗ್ರಾಂ ಅನ್ನು 2012ರಲ್ಲಿ ಫೇಸ್‌ಬುಕ್ಕಿನವರು ಕೊಂಡುಕೊಂಡರು. ನಾವು ಹೆಚ್ಚು ಹೊತ್ತು ಅದರಲ್ಲಿ ಕಣ್ಣು ನೆಟ್ಟಷ್ಟೂ ಜಾಹೀರಾತಿನಿಂದ ಅವರಿಗೆ ಲಾಭ. 2021ರ ಸೆಪ್ಟೆಂಬರಿನಲ್ಲಿ ಅಮೆರಿಕದ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಆ ಕಂಪನಿಯ ಒಳಗಿನ ಕಾಗದಪತ್ರಗಳನ್ನೇ ಬಯಲಿಗೆ ತಂದಿತು. ತಮ್ಮ ಮೈಕಟ್ಟಿನ ಬಗ್ಗೆ ಮೊದಲೇ ಕೊರಗುವ ಎಷ್ಟೋ ಹದಿವಯಸ್ಸಿನ ಹುಡುಗಿಯರ ಕೊರಗನ್ನು ಇದು ಹೆಚ್ಚಿಸುತ್ತದೆಂದು ಅವರದೇ ಸಂಶೋಧಕರು ಬರೆದಿಟ್ಟಿದ್ದರಂತೆ. ಅದೇ ವರ್ಷದ ಮೇ ತಿಂಗಳಲ್ಲಿ, ಎಷ್ಟು ಜನ ಮೆಚ್ಚಿದರೆಂಬ ಅಂಕಿಯನ್ನು ಬೇಕಾದವರು ಮುಚ್ಚಿಡಬಹುದೆಂದು ಒಂದು ಸೌಲಭ್ಯ ಬಂತು. ಮಗಳು ತನ್ನದನ್ನು ಮುಚ್ಚಿಟ್ಟಿದ್ದಾಳೆ. "ನಂಬರ್ ನೋಡಿದ್ರೆ ತಲೆ ಕೆಡುತ್ತೆ ಅಮ್ಮ. ಮಾತು ಸಾಕು" ಅನ್ನುತ್ತಾಳೆ. ಅಂಕಿ ಬೇಡ, ಮಾತು ಸಾಕು! ನಮ್ಮ ಇಲಾಖೆಯವರಿಗೂ ಈ ಬುದ್ಧಿ ಬಂದರೆ ಮಕ್ಕಳು ಬದುಕಿಕೊಂಡಾವು.

ಮಾತು ಯಾಕೆ ಬೇಕು ಎಂಬುದು ನನಗೆ ಅರ್ಥವಾದದ್ದು ಮಾತ್ರ ಬೇರೆ ಫೋಟೋ ಒಂದರಿಂದ.

ನಮ್ಮ ಕಾಲದಲ್ಲಿ ಹೆಣ್ಣುಮಗಳಿಗೆ ಫೋಟೋ ಎಂದರೆ ಎರಡೋ ಮೂರೋ. ಮೊದಲನೆಯದು ಮೊಗ್ಗಿನ ಜಡೆಯದು. ಬೇಸಿಗೆಯಲ್ಲಿ ಮಲ್ಲಿಗೆ ಮೊಗ್ಗು ಅಗ್ಗವಾದಾಗ ತಾಯಿಯೋ ಚಿಕ್ಕಮ್ಮನೋ ಬೆಳಗಿನಿಂದ ಕೂತು ಮೊಗ್ಗು ಪೋಣಿಸಿ, ಮಧ್ಯೆ ಮಧ್ಯೆ ಕನಕಾಂಬರ ಇಟ್ಟು, ಜಡೆಗೆ ಹೊಲಿಯುತ್ತಿದ್ದರು. ಸ್ಟುಡಿಯೋದಲ್ಲಿ ಕನ್ನಡಿಯ ಪಕ್ಕ ಓರೆಯಾಗಿ ನಿಲ್ಲಿಸಿದರೆ ಮುಖ ಇತ್ತ, ಜಡೆ ಕನ್ನಡಿಯೊಳಗೆ. ಆ ದಿನ ಇಡೀ ಬೀದಿಯ ಹೆಂಗಸರು "ಅಯ್ಯೋ ನನ್ ಗೊಂಬೆ" ಎಂದು ಗಲ್ಲ ಹಿಡಿದು, ಆರತಿ ಎತ್ತಿ, ನೆಟಿಗೆ ಮುರಿಯುತ್ತಿದ್ದರು. ಆಗಲೂ ಎಲ್ಲರ ಬಾಯಲ್ಲಿ ಅದೇ ಒಂದು ಮಾತು, ಗೊಂಬೆ. ನನಗೆ ಆಗ ಏಳು ವರ್ಷ. ಆಮೇಲೆ ಹತ್ತು ಹದಿನೈದು ವರ್ಷ ಯಾರೂ ಏನೂ ಹೇಳುವುದಿಲ್ಲ. ದೊಡ್ಡ ಹುಡುಗಿಯನ್ನು ಚೆನ್ನಾಗಿದ್ದೀಯ ಎನ್ನಬಾರದು. ದೃಷ್ಟಿಯಾಗುತ್ತದೆ, ಇಲ್ಲವೇ ಕೊಬ್ಬು ಬರುತ್ತದೆ. ಕನ್ನಡಿಯ ಮುಂದೆ ಎರಡು ನಿಮಿಷ ಹೆಚ್ಚು ನಿಂತರೆ ನಮ್ಮ ಅಮ್ಮ ಒಳಗಿನಿಂದಲೇ "ಕನ್ನಡಿ ಸವೆದುಹೋದೀತು" ಅನ್ನುತ್ತಿದ್ದಳು.

ಎರಡನೆಯ ಫೋಟೋ ಗಂಡಿನ ಕಡೆಯವರಿಗೆ ಕಳಿಸುವುದಕ್ಕೆ.

ನನ್ನ ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. 1986ರಲ್ಲಿ ಅವಳನ್ನು ಸ್ಟುಡಿಯೋಗೆ ಕರೆದುಕೊಂಡು ಹೋದಾಗ ಜೊತೆಗೆ ನಾನೂ ಹೋಗಿದ್ದೆ. ಹಿಂದೆ ಪರದೆಯ ಮೇಲೆ ಜಲಪಾತ, ಪಕ್ಕದಲ್ಲಿ ಎತ್ತರದ ಸ್ಟೂಲಿನ ಮೇಲೆ ಪ್ಲಾಸ್ಟಿಕ್ ಹೂವು. ಮೂರು ಪ್ರತಿ ತೊಳೆಸಿದರು. ದುಡ್ಡು ಹೆಚ್ಚೆಂದು ನಾಲ್ಕನೆಯದು ಬೇಡವೆಂದರು. ಜಾತಕದ ಜೊತೆ ಲಕೋಟೆಯೊಳಗೆ ಅಕ್ಕ ಊರೂರು ತಿರುಗಿದಳು. ಚಿಕ್ಕಮಗಳೂರು, ಮೈಸೂರು, ಒಮ್ಮೆ ಬೊಂಬಾಯಿಗೂ. ಹೋದ ದಾರಿಯಲ್ಲೇ ವಾಪಸು ಬಂದಳು. ಒಂದು ಸಲ ಬಂದ ಫೋಟೋದ ಮೇಲೆ ದುಂಡಗೆ ಕಾಫಿ ಲೋಟದ ಗುರುತಿತ್ತು. ಯಾರೋ ಮೇಜಿನ ಮೇಲಿದ್ದ ನಮ್ಮಕ್ಕನ ಮೇಲೆ ಲೋಟ ಇಟ್ಟು ಕಾಫಿ ಕುಡಿದಿದ್ದರು. ಅಪ್ಪ ಅದನ್ನು ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ಫ್ಯಾನಿನ ಕೆಳಗೆ ಒಣಗಿಸಿ, ಮುಂದಿನ ವಿಳಾಸಕ್ಕೆ ಅದನ್ನೇ ಕಳಿಸಿದರು.

ಒಂದು ಕಡೆಯವರು ನೋಡಲು ಬಂದರು. ಅಕ್ಕ ಅಮ್ಮನ ಹಸಿರು ಸೀರೆ ಉಟ್ಟು, ನಡುಮನೆಯ ಬಾಗಿಲ ಹಿಂದೆ ನಿಂತು, ಉಪ್ಪಿಟ್ಟಿನ ತಟ್ಟೆ ಕೈಗೆತ್ತಿಕೊಳ್ಳುವ ಮುಂಚೆ ನನ್ನನ್ನು ಕೇಳಿದಳು, "ಹೇಗೆ ಕಾಣ್ತೀನೇ?"

ನನಗೆ ಹದಿನಾರು. ಆ ದಿನ ಬೆಳಿಗ್ಗೆ ಅವಳಿಗೆ ಹೊಸ ಬಳೆ ಬಂದಿತ್ತು, ನನಗೆ ಬಂದಿರಲಿಲ್ಲ. "ಯಾವಾಗಲೂ ಇರೋ ಹಾಗೇ ಇದ್ದೀಯ" ಎಂದೆ. ಅವಳು ತಟ್ಟೆ ಎತ್ತಿಕೊಂಡು ಹೋದಳು. ಬಂದವರು ಊರಿಗೆ ಹೋಗಿ ಕಾಗದ ಬರೆಯುತ್ತೇವೆಂದರು. ಆ ಮಾತಿನ ಅರ್ಥ ಓದುವ ನಿಮಗೆಲ್ಲ ಗೊತ್ತಿರುವುದೇ.

ಅಕ್ಕನಿಗೆ 1989ರಲ್ಲಿ ಒಳ್ಳೆಯ ಕಡೆಯೇ ಮದುವೆಯಾಯಿತು, ಹಾಸನದ ಹತ್ತಿರ ಸುಖವಾಗಿದ್ದಾಳೆ. ಈಗ ಅದನ್ನು ಹೇಳಿದ್ದು ಬೇರೆ ಕಾರಣಕ್ಕೆ. ನಮ್ಮ ಮುಖವನ್ನು ಮೊಟ್ಟಮೊದಲು ನೋಡಿ ತೀರ್ಪು ಹೇಳುತ್ತಿದ್ದವರು ನಮ್ಮನ್ನು ಬೇಡವೆನ್ನುವ ಹಕ್ಕಿದ್ದವರು. ಅದಕ್ಕೆ ಮುಂಚೆ 'ಚೆನ್ನಾಗಿದ್ದೀಯ ಕಣೇ' ಎಂದು ಹೇಳಿ ಕಳಿಸುವವರು ಯಾರೂ ಇರಲಿಲ್ಲ. ಇದ್ದವಳು ನಾನೊಬ್ಬಳು, ನಾನೂ ಹೇಳಲಿಲ್ಲ.

ಎಳ್ಳು ಬೀರಿ ಬಂದ ರಾತ್ರಿ ಇದನ್ನು ಮಗಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ನನ್ನ ಕೈಗೆ ಕೊಟ್ಟಳು. ನಮ್ಮ ಶಾಲೆಯಲ್ಲೇ ಅವಳ ಜೊತೆ ಓದಿದ ಹುಡುಗಿ. ಈಗ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುವ ಕೆಲಸದಲ್ಲಿದ್ದಾಳೆ. ದೀಪಾವಳಿಗೆ ತನ್ನ ಸಂಬಳದಲ್ಲಿ ಕೊಂಡ ಹಳದಿ ಚೂಡಿದಾರ ತೊಟ್ಟು ಅಂಗಡಿಯ ಕನ್ನಡಿಯ ಮುಂದೆ ನಿಂತು ತೆಗೆದುಕೊಂಡ ಫೋಟೋ. ಹುಡುಗಿ ಕಪ್ಪು. ಲಕ್ಷಣವಾದ ಮುಖ, ನಗು ಅದಕ್ಕಿಂತ ಲಕ್ಷಣ.

ಅವಳು ಅದನ್ನು ಹಾಕಿದ ಹತ್ತು ನಿಮಿಷಕ್ಕೆ ಯಾವನೋ ಒಬ್ಬ, ಕಾಗೆಗೆ ಅರಿಶಿನ ಬಳಿದ ಹಾಗಿದೆ ಎಂದು ಬರೆದನಂತೆ. ಮೊದಲ ಮಾತೇ ಅದು. ಹುಡುಗಿ ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಕೂತಿದ್ದಾಳೆ, ಮೊಬೈಲು ಮುಟ್ಟುವ ಹಾಗಿಲ್ಲ. ಯಾರು ಯಾರಿಗೆ ತಿಳಿಸಿದರೋ, ಒಂದು ಗಂಟೆಯೊಳಗೆ ಇಪ್ಪತ್ತೇಳು ಹುಡುಗಿಯರು ಬಂದು ಬರೆದರು. ಒಬ್ಬಳೂ ಅವನಿಗೆ ಬೈಯಲಿಲ್ಲ. ಬೈದರೆ ಅವನ ಮಾತಿಗೇ ಎಲ್ಲರ ಗಮನ ಹೋಗುತ್ತದೆಂದು ಅವರಿಗೆ ಗೊತ್ತು. ಅವನು ಅಲ್ಲಿ ಇಲ್ಲವೇ ಇಲ್ಲವೆಂಬಂತೆ 'ಬೆಂಕಿ', 'ಗೊಂಬೆ', 'ಹಳದಿ ನಿನ್ನದೇ ಬಣ್ಣ ಕಣೇ', ಸಾಲು ಸಾಲು ಕೆಂಪು ಹೃದಯ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಮೆಚ್ಚಿ ಮೆಚ್ಚಿ ಮೇಲಕ್ಕೆ ತಳ್ಳಿದರು. ಒಂಬತ್ತನೇ ತರಗತಿಯಲ್ಲಿ ಬೆಂಚಿನ ಜಗಳದಿಂದ ಅವಳ ಜೊತೆ ಮಾತು ಬಿಟ್ಟಿದ್ದ ಹುಡುಗಿಯ ಹೆಸರೂ ಆ ಸಾಲಿನಲ್ಲಿದೆ. ಸಂಜೆ ಆ ಹುಡುಗಿ ಮೊಬೈಲು ತೆರೆದಾಗ ಮೊದಲು ಕಂಡದ್ದು ಇವರೆಲ್ಲರ ಮಾತು. ಅವನದು ಎಲ್ಲೋ ಅಡಿಗೆ ಬಿದ್ದಿತ್ತು. ಅದನ್ನು ಅವಳೇ ತೆಗೆದುಹಾಕಿದಳಂತೆ.

"ನೀನು ಸುಳ್ಳು ಅಂದೆಯಲ್ಲಮ್ಮ" ಎಂದಳು ಮಗಳು. "ಅಂಥ ದಿನ ಇದ್ದಕ್ಕಿದ್ದ ಹಾಗೆ ಹೋಗಿ ಬರೆದರೆ ಕನಿಕರ ಅನ್ನಿಸುತ್ತೆ. ದಿನಾ ಬರೀತಾ ಇದ್ರೆ ಆವತ್ತೂ ದಿನದ ಹಾಗೇ ಕಾಣುತ್ತೆ. ಅದಕ್ಕೇ ದಿನಾ ಬರಿಯೋದು."

ನನ್ನ ಬಾಯಿಂದ ಮಾತು ಹೊರಡಲಿಲ್ಲ. ಯಾಕೆಂದರೆ ಆ ಹುಡುಗಿಯ ವಿಷಯದಲ್ಲಿ ಮಗಳಿಗೆ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತು. ಗೊತ್ತಿದ್ದರೂ ಗೊತ್ತಿರಬಹುದು, ಮಕ್ಕಳು ಎಲ್ಲವನ್ನೂ ನೋಡಿರುತ್ತವೆ. ಅವಳು ಎಂಟನೇ ತರಗತಿಯಲ್ಲಿದ್ದಾಗ ಶಾಲೆಯ ವಾರ್ಷಿಕೋತ್ಸವಕ್ಕೆ ಒಂದು ನೃತ್ಯ ಕಲಿಸಿದ್ದೆ. ಆ ಹುಡುಗಿ ಎಲ್ಲರಿಗಿಂತ ಚೆನ್ನಾಗಿ ಕುಣಿಯುತ್ತಿದ್ದಳು. ಕಾರ್ಯಕ್ರಮದ ಹಿಂದಿನ ದಿನ, ಮುಖ್ಯ ಅತಿಥಿಗಳು ಬರುತ್ತಾರೆಂದು ಸಾಲು ಸರಿಪಡಿಸುವಾಗ, ನಾನು ಅವಳ ಭುಜ ಹಿಡಿದು ಹಿಂದಿನ ಸಾಲಿಗೆ ನಿಲ್ಲಿಸಿದೆ. "ನೀನು ಎತ್ತರ ಇದ್ದೀಯಮ್ಮ, ಹಿಂದೆ ನಿಂತ್ಕೋ" ಎಂದೆ. ಅವಳಿಗಿಂತ ಎತ್ತರದ ಇಬ್ಬರು ಮುಂದೆ ನಿಂತಿದ್ದರು. ಅವಳು ಅವರಿಬ್ಬರನ್ನೂ ಒಮ್ಮೆ ನೋಡಿ, ನನ್ನನ್ನು ನೋಡಿ, "ಆಗಲಿ ಮಿಸ್" ಎಂದು ಹಿಂದೆ ಹೋದಳು. ಆ ಕಾಗೆಯ ಮಾತು ಬರೆದವನ ಹೆಸರು ನನಗೆ ತಿಳಿಯದು. ಅವನನ್ನು ಬೈಯಲು ಬಾಯಿ ತೆರೆದವಳು ಮತ್ತೆ ಮುಚ್ಚಿಕೊಂಡೆ.

ರಾತ್ರಿ ಎಲ್ಲರೂ ಮಲಗಿದ ಮೇಲೆ ನನ್ನ ಮೊಬೈಲು ಹಿಡಿದು ಕೂತೆ. ನನಗೂ ಅಲ್ಲಿ ಒಂದು ಖಾತೆ ಇದೆ, ಮಗಳು ತೆರೆದುಕೊಟ್ಟದ್ದು. ರಂಗೋಲಿ ನೋಡುವುದಕ್ಕೆ, ಉಪ್ಪಿನಕಾಯಿ ಹಾಕುವ ವಿಧಾನ ನೋಡುವುದಕ್ಕೆ ಬಿಟ್ಟರೆ ಬಳಸಿದವಳಲ್ಲ. ಆ ಹುಡುಗಿಯ ಖಾತೆ ಹುಡುಕಿದೆ. ಹಳದಿ ಚೂಡಿದಾರ ಸಿಕ್ಕಿತು. ಏನು ಬರೆಯುವುದು? 'ಬೆಂಕಿ' ಎನ್ನಲು ನಾಲಿಗೆ ಏಳದು. 'ಶುಭವಾಗಲಿ' ಎಂದರೆ ಮೇಷ್ಟರು ಆಟೋಗ್ರಾಫ್ ಹಾಕಿದಂತೆ. 'ಕ್ಷಮಿಸು' ಎಂದು ಬರೆದು ನೋಡಿ ಅಳಿಸಿದೆ. ನಾಲ್ಕು ಜನರ ಮುಂದೆ ಅವಳ ಹಳೆಯ ಗಾಯ ಕೆದಕಿ ನನ್ನ ಮನಸ್ಸು ಹಗುರ ಮಾಡಿಕೊಂಡಂತಾಗುತ್ತದೆ. ಅರ್ಧ ಗಂಟೆ ಬರೆದು ಅಳಿಸಿ, ಬರೆದು ಅಳಿಸಿ, ಕೊನೆಗೆ 'ಈ ಬಣ್ಣ ನಿನಗೆ ಚೆನ್ನಾಗಿ ಒಪ್ಪುತ್ತದೆ' ಎಂದು ಒತ್ತಿಬಿಟ್ಟೆ. ಇಪ್ಪತ್ತೇಳು ಹುಡುಗಿಯರ ಹಿಂದೆ, ಕೊನೆಯ ಸಾಲಿನಲ್ಲಿ ನನ್ನ ಮಾತು ಹೋಗಿ ನಿಂತಿತು.

ಬೆಳಿಗ್ಗೆ ನೋಡಿದರೆ 'ಥ್ಯಾಂಕ್ಯೂ ಮಿಸ್' ಎಂದಿತ್ತು, ಪಕ್ಕದಲ್ಲಿ ಒಂದು ಕೆಂಪು ಹೃದಯ. ಎಲ್ಲರಿಗೂ ಕೊಟ್ಟ ಹಾಗೆಯೇ, ಅಷ್ಟೇ ಗಾತ್ರದ್ದು.

ಆ ಧೈರ್ಯದಲ್ಲೇ ಅಕ್ಕನ ವಾಟ್ಸಾಪ್ ತೆರೆದೆ. ಅವಳ ಹೆಸರಿನ ಪಕ್ಕದ ಪುಟ್ಟ ದುಂಡು ಫೋಟೋವನ್ನು ಎಂದೂ ದೊಡ್ಡದು ಮಾಡಿ ನೋಡಿದವಳಲ್ಲ ನಾನು. ದೊಡ್ಡದು ಮಾಡಿದೆ. ಮೊಮ್ಮಗುವಿನ ನಾಮಕರಣದಲ್ಲಿ ತೆಗೆದದ್ದು. ಕೂದಲು ಪೂರ್ತಿ ಬೆಳ್ಳಗಾಗಿದೆ, ಬಣ್ಣ ಹಚ್ಚುವುದನ್ನು ಬಿಟ್ಟಿದ್ದಾಳೆ. ಹಸಿರು ಸೀರೆ; ಅಮ್ಮನದಲ್ಲ, ಆದರೆ ಅದೇ ಹಸಿರು. 'ತುಂಬ ಚೆನ್ನಾಗಿ ಕಾಣ್ತಿದ್ದೀಯ ಅಕ್ಕ' ಎಂದು ಬರೆದು ಕಳಿಸಿ, ಕುಕ್ಕರ್ ಇಡಲು ಒಳಗೆ ಹೋದೆ.

ಎರಡನೇ ಸೀಟಿ ಆಗುವಷ್ಟರಲ್ಲಿ ಫೋನು ಬಂತು.

"ಏನಾಯ್ತೇ?" ಅಕ್ಕನ ದನಿಯಲ್ಲಿ ಗಾಬರಿ. "ಹುಷಾರಾಗಿದ್ದೀಯ ತಾನೆ? ಬಿ.ಪಿ. ಮಾತ್ರೆ ತಗೊಂಡ್ಯಾ? ಇಲ್ಲ, ದುಡ್ಡೇನಾದರೂ ಬೇಕಿತ್ತಾ?"

"ಏನೂ ಇಲ್ಲ ಅಕ್ಕ. ಫೋಟೋ ನೋಡಿದೆ, ಬರೆದೆ ಅಷ್ಟೆ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಕೇಳಿದಳು, "ಆ ಫೋಟೋನಾ? ಕುಪ್ಪಸದ ತೋಳು ಸ್ವಲ್ಪ ಬಿಗಿಯಾಗಿಲ್ವೇನೇ?"

"ಇಲ್ಲ ಕಣೇ, ಸರಿಯಾಗೇ ಇದೆ" ಎಂದೆ. ಬಿಗಿಯಾಗಿಯೇ ಇತ್ತು.